ಕೈ ಸೆರಗಿಗೆ ಹೋಗದಿರಲಿ: ಆಫೀಸಿನಲ್ಲಿ ಮಾತಿಗೆ ತೂಕ ಬರುವಂತೆ ಉಡುವುದು ಹೇಗೆ?

ನಾನು ಮೊದಲ ಸಲ ಬ್ಯಾಂಕ್ ಶಾಖೆಯೊಂದರ ಮ್ಯಾನೇಜರ್ ಕುರ್ಚಿಯಲ್ಲಿ ಕೂತಾಗ ನನಗೆ ಮೂವತ್ತೂ ತುಂಬಿರಲಿಲ್ಲ. ಉತ್ತರ ಕರ್ನಾಟಕದ ಒಂದು ಸಣ್ಣ ಊರು. ಮೊದಲ ವಾರವೇ ಒಬ್ಬ ಹಿರಿಯರು ಕ್ಯಾಬಿನ್ನಿಗೆ ಬಂದರು. ಎದುರು ಕೂತು, ಆಚೀಚೆ ನೋಡಿ, "ಯವ್ವಾ, ಸಾಹೇಬ್ರು ಎಲ್ಲಿ ಹೋಗ್ಯಾರ?" ಎಂದು ಕೇಳಿದರು. ನಾನೇ ಮ್ಯಾನೇಜರ್ ಎಂದೆ. ಪಾಪ, ಅವರೇ ನಾಚಿಕೊಂಡರು.

ಸಂಜೆ ಸೇಫ್ ಮುಚ್ಚುವಾಗ ನಮ್ಮ ಹೆಡ್ ಕ್ಯಾಶಿಯರ್ ಮೆಲ್ಲಗೆ ಒಂದು ಮಾತು ತೆಗೆದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಆಕೆ. "ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ. ಇವತ್ತ ನೀವು ಸೆರಗ ಎಷ್ಟ ಸಲ ಸರಿ ಮಾಡ್ಕೊಂಡ್ರಿ ಅಂತ ನಾ ಎಣಿಸಾಕ ಹತ್ತಿದ್ದೆ. ನಲವತ್ತಕ್ಕ ಬಿಟ್ಟೆ."

ಅವತ್ತು ನಾನು ಉಟ್ಟಿದ್ದು ಜಾರುವ ಸಿಂಥೆಟಿಕ್ ಸೀರೆ. ಸೆರಗಿಗೆ ಪಿನ್ ಇರಲಿಲ್ಲ. ಸಹಿ ಹಾಕುವಾಗ ಒಂದು ಕೈ ಪೆನ್ನಿನ ಮೇಲೆ, ಇನ್ನೊಂದು ಭುಜದ ಮೇಲೆ. ಸಾಲ ಕೊಡುವುದಿಲ್ಲ ಎಂದು ಹೇಳುವಾಗಲೂ ಅಷ್ಟೇ. ಹೀಗೆ ಕೂತವಳ "ಇಲ್ಲ"ವನ್ನು ಯಾರು ಗಟ್ಟಿಯಾಗಿ ತೆಗೆದುಕೊಳ್ಳುತ್ತಾರೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮ್ಯಾನೇಜರ್ ಎಂದರೆ ಗಂಡಸು ಎಂದು ಆ ಹಿರಿಯರು ಅಂದುಕೊಂಡಿದ್ದಕ್ಕೆ ನನ್ನ ಸೀರೆ ಕಾರಣವಲ್ಲ. ಆ ಲೆಕ್ಕಾಚಾರವನ್ನು ಯಾವ ಬಟ್ಟೆಯೂ ಸರಿ ಮಾಡುವುದಿಲ್ಲ. ಆದರೆ ಕೈ ಎಲ್ಲಿರಬೇಕು ಅನ್ನೋದು ನಮ್ಮ ಹಿಡಿತದಲ್ಲಿದೆ. ಈ ಬರಹವೆಲ್ಲ ಆ ಕೈಯ ಸುತ್ತಲೇ ತಿರುಗುತ್ತದೆ.

ಹಂತ 1: ಬೀರು ತೆರೆಯುವ ಮೊದಲು ಎದುರಿಗೆ ಕೂರುವವರನ್ನು ನೋಡಿ

ಹೊಸ ಜಾಗಕ್ಕೆ ಹೋದರೆ ಒಂದು ವಾರ ಏನೂ ಕೊಳ್ಳಬೇಡಿ. ಸುಮ್ನೆ ನೋಡಿ. ನಿಮಗಿಂತ ಒಂದು ಮೆಟ್ಟಿಲು ಮೇಲಿರುವ ಹೆಂಗಸರು ಏನು ಉಡುತ್ತಾರೆ? ಹೆಂಗಸರೇ ಇಲ್ಲದಿದ್ದರೆ ಗಂಡಸರು ಎಷ್ಟು ಅಚ್ಚುಕಟ್ಟಾಗಿ ಬರುತ್ತಾರೆ? ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಡೈರೆಕ್ಟರ್ ಟೀ ಶರ್ಟಿನಲ್ಲಿ ಬಂದರೆ ನೀವು ರೇಷ್ಮೆ ಸೀರೆ ಉಟ್ಟು ಹೋದ ದಿನ "ಏನು, ಮನೆಯಲ್ಲಿ ಹಬ್ಬಾನಾ?" ಎಂದು ಕೇಳುತ್ತಾರೆ. ಅದೇ ತಾಲೂಕು ಕಚೇರಿಯಲ್ಲಿ ಜೀನ್ಸ್ ಹಾಕಿದರೆ ಟ್ರೇನಿ ಅಂದುಕೊಳ್ಳುತ್ತಾರೆ.

ಕೆಲವು ಕಡೆ ಈ ಯೋಚನೆಗೆ ಜಾಗವೇ ಇಲ್ಲ. ವಕೀಲೆಯರಿಗೆ ಬಾರ್ ಕೌನ್ಸಿಲ್ ನಿಯಮವೇ ಇದೆ. ಕಪ್ಪು ಕೋಟು ಅಥವಾ ಕಪ್ಪು ಬ್ಲೌಸು, ಬಿಳಿ ಕಾಲರ್, ಕುತ್ತಿಗೆಗೆ ಬಿಳಿ ಬ್ಯಾಂಡ್. ಸೀರೆಯಾದರೆ ಬಿಳಿ, ಕಪ್ಪು ಅಥವಾ ಕಣ್ಣಿಗೆ ಹೊಡೆಯದ ಮೆದು ಬಣ್ಣ. ಅದರ ಮೇಲೆ ಪ್ರಿಂಟು, ಡಿಸೈನು ಇರುವಂತಿಲ್ಲ. ಕಾರ್ಖಾನೆಯಲ್ಲಿ ಮಿಷನ್ ಪಕ್ಕ ನಿಲ್ಲುವವರಿಗೆ ಸೆರಗು, ವೇಲು, ಬಿಟ್ಟ ಜಡೆ ಮೂರೂ ಅಪಾಯ. ಅಲ್ಲಿ ಸುರಕ್ಷತೆಯ ಬಟ್ಟೆ ತೊಟ್ಟ ಸೂಪರ್‌ವೈಸರ್ ಮಾತಿಗೇ ಬೆಲೆ.

ಹಂತ 2: ಒಂದು ದಿನ ಕೈ ಎಣಿಸಿ

ಈಗ ನಿಮ್ಮಲ್ಲಿರುವ ಆಫೀಸು ಬಟ್ಟೆಗಳಲ್ಲಿ ಒಂದೊಂದನ್ನೇ ಪರೀಕ್ಷೆ ಮಾಡಿ. ಒಂದು ಚೀಟಿ ಇಟ್ಟುಕೊಳ್ಳಿ. ಬಟ್ಟೆ ಸರಿ ಮಾಡಿಕೊಳ್ಳಲು ಕೈ ಹೋದಾಗಲೆಲ್ಲ ಒಂದು ಗೆರೆ ಎಳೆಯಿರಿ. ಎಲ್ಲಿಗೆ ಹೋಯಿತು ಅಂತಲೂ ಬರೆಯಿರಿ: ಭುಜ, ಕುತ್ತಿಗೆ, ಸೊಂಟ, ಕೂದಲು. ನಿಮ್ಮ ಕಣ್ಣಿಗೆ ಬೀಳದೆ ಹೋಗಬಹುದು, ಅದಕ್ಕೆ ಪಕ್ಕದ ಸೀಟಿನ ಗೆಳತಿಗೆ ಹೇಳಿ. ಅವಳು ಬಿಡದೆ ಎಣಿಸುತ್ತಾಳೆ.

ಸಂಜೆ ಚೀಟಿ ನೋಡಿದರೆ ರೋಗ ಎಲ್ಲಿದೆ ಅಂತ ತಿಳಿಯುತ್ತದೆ. ಭುಜದಲ್ಲಿ ಗೆರೆ ಜಾಸ್ತಿ ಇದ್ದರೆ ಬ್ಲೌಸಿನ ಕುತ್ತಿಗೆ ಅಗಲವಾಗಿದೆ ಅಥವಾ ಪಿನ್ ಸರಿಯಿಲ್ಲ. ಸೊಂಟದಲ್ಲಿ ಜಾಸ್ತಿ ಇದ್ದರೆ ಲಂಗದ ಲಾಡಿ. ಎದೆಯ ಹತ್ತಿರ ಜಾಸ್ತಿ ಇದ್ದರೆ ಶರ್ಟಿನ ಗುಂಡಿ. ನನ್ನ ಲೆಕ್ಕದಲ್ಲಿ ಇಡೀ ದಿನಕ್ಕೆ ಐದಕ್ಕಿಂತ ಕಡಿಮೆ ಗೆರೆ ಬಂದ ಬಟ್ಟೆ ಪಾಸ್. ಉಳಿದವನ್ನು ರಿಪೇರಿ ಮಾಡಿಸಿ. ರಿಪೇರಿ ಆಗದ್ದನ್ನು ಮದುವೆ ಮನೆಗೆ ಇಟ್ಟುಕೊಳ್ಳಿ, ಅಲ್ಲಿ ಸೆರಗು ಸರಿ ಮಾಡಿಕೊಂಡರೆ ಚಂದವೇ.

ಹಂತ 3: ಸೀರೆಗಿಂತ ಮೊದಲು ಟೈಲರ್

ಐದು ಸಾವಿರದ ಸೀರೆಗೆ ಅಳತೆ ತಪ್ಪಿದ ಬ್ಲೌಸು ಹಾಕಿದರೆ ಐನೂರರ ಸೀರೆಯಂತೆ ಕಾಣುತ್ತದೆ. ಐನೂರರ ಕಾಟನ್ ಸೀರೆಗೆ ಒಳ್ಳೆ ಬ್ಲೌಸು ಹಾಕಿದರೆ ಯಾರೂ ಬೆಲೆ ಕೇಳುವುದಿಲ್ಲ. ಹಾಗಾಗಿ ದುಡ್ಡನ್ನು ಮೊದಲು ಹೊಲಿಗೆಗೆ ಹಾಕಿ.

ಮೇಜಿನ ಹಿಂದೆ ಕೂತವಳದ್ದು ಎದುರಿನವರಿಗೆ ಎದೆಯಿಂದ ಮೇಲಷ್ಟೇ ಕಾಣುವುದು. ಅಂದರೆ ಬ್ಲೌಸು, ತೋಳು, ಭುಜದ ಮೇಲಿನ ಅಂಚು, ಮುಖ. ಸೀರೆಯ 5.5 ಮೀಟರಿನಲ್ಲಿ ಹೆಚ್ಚಿನದು ಮೇಜಿನ ಕೆಳಗೇ ಉಳಿಯುತ್ತದೆ. ಟೈಲರ್ ಹತ್ತಿರ ಹೀಗೆ ಹೇಳಿ.

ಭುಜದ ಹೊಲಿಗೆ ಭುಜದ ಮೂಳೆಯ ತುದಿಗೇ ಬರಬೇಕು. ಕೆಳಗೆ ಇಳಿದರೆ ಅಕ್ಕನ ಬ್ಲೌಸು ಹಾಕಿಕೊಂಡು ಬಂದಂತಿರುತ್ತದೆ. ಹಿಂದಿನ ಕುತ್ತಿಗೆ ಎಷ್ಟು ಆಳ ಅನ್ನೋದು ನಿಮ್ಮಿಷ್ಟ, ಆದರೆ ಮುಂದೆಯೂ ಹಿಂದೆಯೂ ಆಳ ಇಟ್ಟರೆ ಭುಜ ಜಾರುವುದು ಖಂಡಿತ. ಎರಡರಲ್ಲಿ ಒಂದು ಆರಿಸಿಕೊಳ್ಳಿ. ತೋಳು ಮೊಣಕೈಗೆ ಸ್ವಲ್ಪ ಮೇಲೆ ಅಥವಾ ಸ್ವಲ್ಪ ಕೆಳಗೆ ನಿಂತರೆ ಬರೆಯಲು ಅನುಕೂಲ, ನೋಡಲೂ ಗಟ್ಟಿ. ಸರಿಯಾಗಿ ಮೊಣಕೈ ಮಡಚುವ ಜಾಗದಲ್ಲಿ ನಿಲ್ಲಿಸಬೇಡಿ, ಮಡಚಿದಾಗೆಲ್ಲ ಸುಕ್ಕು ಬಿದ್ದು ಕಚ್ಚುತ್ತದೆ.

ಟ್ರಯಲ್ ನೋಡುವಾಗ ಕನ್ನಡಿ ಮುಂದೆ ಸುಮ್ನೆ ನಿಲ್ಲಬೇಡಿ. ಬೋರ್ಡಿನ ಮೇಲೆ ಬರೆಯುವಂತೆ ಕೈ ಎತ್ತಿ. ಬೀರುವಿನ ಮೇಲಿಂದ ಫೈಲ್ ಇಳಿಸುವಂತೆ ಮಾಡಿ. ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಗ್ಗಿ. ಬ್ಲೌಸು ಮೇಲೆ ಹೋದರೆ, ಹುಕ್ಕಿನ ಮಧ್ಯೆ ಬಾಯಿ ಬಿಟ್ಟರೆ, ವಾಪಸ್ ಕೊಡಿ. ಟೈಲರ್ "ಎರಡು ಸಲ ಹಾಕಿದ್ರೆ ಸರಿ ಹೋಗುತ್ತೆ ಮೇಡಂ" ಅನ್ನುತ್ತಾರೆ. ಹೋಗಲ್ಲ. ಒಳಗೆ ಕಾಟನ್ ಲೈನಿಂಗ್ ಹಾಕಿಸಿ. ಕಂಕುಳಲ್ಲಿ ಬೆವರು ಕಾಣುವ ಭಯವಿದ್ದರೆ ಕೈ ಎತ್ತಲು ಹಿಂಜರಿಯುತ್ತೇವೆ. ಹಿಂಜರಿಕೆ ಮೊದಲು ಕಾಣುವುದೂ ಅಲ್ಲೇ.

ಇನ್ನೊಂದು ಗುಟ್ಟು: ಲಂಗಕ್ಕೆ ಜೇಬು ಹೊಲಿಸಿ. ಬಲಗಡೆ, ಕೈಗೆ ಸಿಗುವಂತೆ. ಜೊತೆಗೆ ದಾರದ ಲಾಡಿಯ ಬದಲು ಅಗಲ ಪಟ್ಟಿ. ದಿನವಿಡೀ ಸೊಂಟ ಕೊರೆಯುವ ಲಾಡಿ ಕಟ್ಟಿಕೊಂಡು ತಾಳ್ಮೆಯಿಂದ ಮೀಟಿಂಗ್ ನಡೆಸುವುದು ಯಾರಿಂದಲೂ ಆಗದು. ಮ್ಯಾಚಿಂಗ್ ಸೆಂಟರಿನಲ್ಲಿ ಸಿಗುವ ರೆಡಿಮೇಡ್ ಲಂಗದ ಉದ್ದವೂ ನೋಡಿ. ಸೀರೆಗಿಂತ ಒಂದಿಂಚು ಮೇಲಿರಲಿ.

ಹಂತ 4: ಊರಿನ ಹವೆಗೆ ತಕ್ಕ ಬಟ್ಟೆ

ಗಂಜಿ ಹಾಕಿದ ಕಾಟನ್ ಸೀರೆಯಷ್ಟು ಗತ್ತು ಇನ್ನೊಂದಕ್ಕಿಲ್ಲ ಎನ್ನುವವಳು ನಾನು. ಆದರೆ ಅದರ ಗತ್ತು ಊರನ್ನು ನೋಡಿ ನಿಲ್ಲುತ್ತದೆ. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ ಅದು ಸಂಜೆಯವರೆಗೂ ಬರುತ್ತದೆ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ, ಕಾಟನ್ ಬಿಟ್ಟು ಬೇರೆ ಯೋಚನೆಯೂ ಬರುವುದಿಲ್ಲ. ಮಂಗಳೂರಿಗೆ ವರ್ಗವಾದಾಗ ಅದೇ ಸೀರೆಗಳು ಬೆಳಿಗ್ಗೆ ಹನ್ನೊಂದಕ್ಕೆಲ್ಲ ಸೋತು ಮೈಗೆ ಅಂಟಿದವು. ಕರಾವಳಿಯ ಸೆಖೆಗೆ ಗಂಜಿ ನಿಲ್ಲುವುದಿಲ್ಲ. ಅಲ್ಲಿಗೆ ಉಡುಪಿ ಕೈಮಗ್ಗದ ಮೆತ್ತನೆ ಕಾಟನ್ ಸರಿ. ಗಂಜಿಯಿಲ್ಲದೆಯೂ ಚೆನ್ನಾಗಿ ಕೂರುತ್ತದೆ, ಬೇಗ ಒಣಗುತ್ತದೆ. ಬೆಂಗಳೂರಿನ ಎಸಿ ಆಫೀಸಿನಲ್ಲಿ ಏನು ಉಟ್ಟರೂ ನಡೆಯುತ್ತದೆ, ಚಳಿ ತಡೆಯಲು ಒಂದು ಶಾಲು ಬೇಕು ಅಷ್ಟೇ.

ಮೈಸೂರು ರೇಷ್ಮೆ ಆಫೀಸಿಗೆ ಒಳ್ಳೆಯ ಸೀರೆ ಎಂದರೆ ಕೆಲವರು ನಗುತ್ತಾರೆ. ಕ್ರೇಪ್ ನೇಯ್ಗೆ ಅದು. ಸುಕ್ಕಾಗುವುದಿಲ್ಲ, ಗಾಳಿ ತುಂಬಿ ಉಬ್ಬುವುದಿಲ್ಲ, ಮೈಗೆ ನೀರಿನ ಹಾಗೆ ಇಳಿಯುತ್ತದೆ. ಆರು ತಾಸು ರೈಲಿನಲ್ಲಿ ಕೂತು ಇಳಿದರೂ ಈಗಷ್ಟೇ ಉಟ್ಟಂತಿರುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯಿಂದ ಇವತ್ತಿಗೂ ಬರುತ್ತಿದೆ. ಸಣ್ಣ ಜರಿಯ, ಒಡಲಲ್ಲಿ ಏನೂ ಇಲ್ಲದ ಸೀರೆ ಆರಿಸಿ. ದೋಷ ಒಂದೇ, ನೆರಿಗೆ ಜಾರುತ್ತದೆ. ಪಿನ್ ಬೇಕೇ ಬೇಕು. ಬೆಲೆ ಜಾಸ್ತಿ, ಅದೂ ನಿಜ. ಒಂದಿದ್ದರೆ ಸಾಕು, ಮುಖ್ಯ ದಿನಗಳಿಗೆ.

ಇಳಕಲ್ ಸೀರೆಯ ವಿಷಯಕ್ಕೆ ಬಂದರೆ ನಾನು ಪಕ್ಷಪಾತಿ. ಅಗಲ ಅಂಚು, ಒಂದೇ ಬಣ್ಣದ ಅಥವಾ ಸಣ್ಣ ಚೌಕಳಿಯ ಒಡಲು, ಗೋಪುರದ ಸಾಲಿನಂಥ ಚಿತ್ತಾರದ ಟೋಪ್ ತೆನಿ ಸೆರಗು. ಇಷ್ಟಿದ್ದ ಮೇಲೆ ಬೇರೆ ಅಲಂಕಾರ ಬೇಡ. ಅಂಚಿನ ಗೆರೆ ಭುಜದಿಂದ ನೇರ ಇಳಿಯುತ್ತದೆ, ಕೋಟಿನ ಕಾಲರ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. 2023ರ ಬಜೆಟ್ ದಿನ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಧಾರವಾಡದ ಕಸೂತಿಯಿದ್ದ ಕೆಂಪು ಇಳಕಲ್ ಸೀರೆ ಉಟ್ಟಿದ್ದು ನೆನಪಿದೆಯಾ? ಕೆಂಪು ಎಂದರೆ ಮದುವೆಯ ಬಣ್ಣ, ಆಫೀಸಿಗೆ ಬೇಡ ಎನ್ನುವವರಿಗೆ ನಾನು ಆ ಫೋಟೋ ತೋರಿಸುತ್ತೇನೆ. ಗಾಢ ಬಣ್ಣ, ಕಡಿಮೆ ಹೊಳಪು, ನೇರ ಅಂಚು ಇದ್ದರೆ ಯಾವ ಬಣ್ಣವೂ ಆಗುತ್ತದೆ. ಹೊಳಪು ಹೆಚ್ಚಾದಾಗಲೇ ಆಫೀಸಿನ ಬಟ್ಟೆ ಸಮಾರಂಭದ ಬಟ್ಟೆಯಾಗುವುದು.

ಒಂದೇ ಬಣ್ಣದ ಸೀರೆಗೆ ಗುಳೇದಗುಡ್ಡ ಖಣದ ಬ್ಲೌಸು ಹೊಲಿಸಿ ನೋಡಿ. ಖಣದ ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ; ಮೊಣಕೈವರೆಗೆ ತೋಳು ಬೇಕಿದ್ದರೆ ಬಟ್ಟೆ ಕೊಳ್ಳುವಾಗಲೇ ಹೇಳಿ.

ಹಂತ 5: ಉಡುವುದು, ಪಿನ್ ಮಾಡುವುದು

ಮೊದಲು ಚಪ್ಪಲಿ ಹಾಕಿಕೊಳ್ಳಿ, ಆಮೇಲೆ ಸೀರೆ. ಉಟ್ಟ ಮೇಲೆ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿದರೆ ಸೀರೆ ಗಿಡ್ಡವಾಗುತ್ತದೆ, ತೆಗೆದರೆ ನೆಲ ಗುಡಿಸುತ್ತದೆ. ಫಾಲ್ ಹೊಲಿಸದ ಸೀರೆಯನ್ನು ಆಫೀಸಿಗೆ ಉಡಲೇಬೇಡಿ. ಆ ಭಾರ ಇಲ್ಲದಿದ್ದರೆ ನೆರಿಗೆ ನಡೆಯುವಾಗ ಕಾಲಿಗೆ ಸುತ್ತುತ್ತದೆ.

ನೆರಿಗೆಗೆ ಒಂದು ಪಿನ್, ಒಳಗಡೆಯಿಂದ, ಲಂಗಕ್ಕೆ ಸೇರಿಸಿ. ಸೆರಗಿಗೆ ಎರಡು. ಭುಜದ ಮೇಲೆ ಒಂದನ್ನು ಬ್ಲೌಸಿನ ಒಳಗಿನಿಂದ ಚುಚ್ಚಿ, ಹೊರಗೆ ಕಾಣದಂತೆ. ಇನ್ನೊಂದನ್ನು ಎಡ ಎದೆಯ ಪಕ್ಕ, ಕೊನೆಯ ಮಡಿಕೆಗೆ. ಈ ಎರಡನೆಯದನ್ನು ಬಹಳ ಜನ ಬಿಡುತ್ತಾರೆ. ಬಗ್ಗಿದಾಗ ಕೈ ಎದೆಗೆ ಹೋಗುವುದನ್ನು ತಪ್ಪಿಸುವುದು ಇದೇ. ರೇಷ್ಮೆಗೆ ಚುಚ್ಚುವಾಗ ಪಿನ್ನಿನ ಸುರುಳಿಗೆ ಒಂದು ಸಣ್ಣ ಮಣಿ ಹಾಕಿ, ಎಳೆ ಸಿಕ್ಕಿಕೊಂಡು ಹರಿಯುವುದಿಲ್ಲ.

ಮಡಿಕೆ ಮಾಡಿದ ಸೆರಗೋ, ಬಿಟ್ಟ ಸೆರಗೋ? ಕೆಲಸ ಜಾಸ್ತಿ ಇರುವ ದಿನ ಮಡಿಕೆ. ಬಿಟ್ಟ ಸೆರಗು ಚಂದ, ಆದರೆ ಅದು ಒಂದು ಕೈಯನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತದೆ.

ಇದಕ್ಕೆ ಸುಷ್ಮಾ ಸ್ವರಾಜ್ ಕಂಡುಕೊಂಡಿದ್ದ ದಾರಿ ನನಗೆ ತುಂಬಾ ಇಷ್ಟ. ಸೀರೆಯ ಮೇಲೆ ತೋಳಿಲ್ಲದ ಜಾಕೆಟ್. ಸೆರಗು ಜಾಕೆಟ್ಟಿನ ಕೆಳಗೆ ಭದ್ರ, ಜೇಬೂ ಸಿಕ್ಕಿತು. ಮಾಡಿಸುವುದಾದರೆ ಸೊಂಟದವರೆಗಿನ ಉದ್ದ ಸಾಕು, ಗಾಢ ಬಣ್ಣ ಒಂದು, ತಿಳಿ ಬಣ್ಣ ಒಂದು. ನಾನು ಎರಡನ್ನೇ ಹತ್ತು ವರ್ಷ ಹಾಕಿದ್ದೇನೆ.

ಹಂತ 6: ಚೂಡಿದಾರ್, ಕುರ್ತಾ

ಇಲ್ಲಿ ಎಲ್ಲ ತಾಪತ್ರಯ ವೇಲಿನದು. ಒಂದೋ ಎರಡೂ ಭುಜಕ್ಕೆ ಪಿನ್ ಮಾಡಿ, ಇಲ್ಲವೇ ವೇಲೇ ಬೇಡದಷ್ಟು ದಪ್ಪ ಬಟ್ಟೆಯ ಕುರ್ತಾ ಹೊಲಿಸಿ. ಕುತ್ತಿಗೆಗೆ ಸುತ್ತಿಕೊಂಡ ವೇಲು ಕಾಲೇಜು ಹುಡುಗಿಯ ನೆನಪು ತರುತ್ತದೆ. ಸಣ್ಣ ವಯಸ್ಸಿನವರಂತೆ ಕಾಣುವವರು ಇದನ್ನು ಗಮನಿಸಿ, ನಿಮ್ಮನ್ನು "ಏನಮ್ಮಾ" ಎಂದು ಕರೆಯುವುದು ಶುರುವಾಗುವುದು ಇಂಥ ಸಣ್ಣ ವಿಷಯದಿಂದಲೇ. ಬಂದ್‌ಗಲಾ ಥರದ ಸಣ್ಣ ನಿಂತ ಕಾಲರ್, ಮೊಣಕಾಲಿನ ಕೆಳಗಿನವರೆಗೆ ಉದ್ದ, ಎರಡು ಜೇಬು. ಲೆಗ್ಗಿಂಗ್ಸ್ ಬದಲು ನೇರ ಪ್ಯಾಂಟು. ಪಕ್ಕದ ಸೀಳು ಸೊಂಟದ ತನಕ ಹೋಗದಿರಲಿ, ಫ್ಯಾನ್ ಕೆಳಗೆ ಕೂತರೆ ಕೈಗೆ ಮತ್ತೆ ಕೆಲಸ.

ಹಂತ 7: ಪ್ಯಾಂಟು, ಶರ್ಟು, ಬ್ಲೇಜರ್

ಬ್ಲೇಜರ್ ಕೊಳ್ಳುವಾಗ ಭುಜ ಒಂದನ್ನೇ ನೋಡಿ. ಸೊಂಟ, ತೋಳಿನ ಉದ್ದ, ಬೆನ್ನು ಎಲ್ಲವನ್ನೂ ಆಲ್ಟರ್ ಮಾಡುವವರು ಸರಿ ಮಾಡಿಕೊಡುತ್ತಾರೆ. ಭುಜ ತಪ್ಪಿದರೆ ಕೋಟನ್ನೇ ಬಿಚ್ಚಿ ಹೊಲಿಯಬೇಕಾಗುತ್ತದೆ. ಗುಂಡಿ ಹಾಕಿ ಎರಡೂ ಕೈ ಮುಂದಕ್ಕೆ ಚಾಚಿ. ಬೆನ್ನು ಬಿಗಿಯಾದರೆ ಒಂದು ಸೈಜು ದೊಡ್ಡದು ತೆಗೆದುಕೊಂಡು ಸೊಂಟ ಹಿಡಿಸಿ.

ಶರ್ಟಿನಲ್ಲಿ ಎದೆಯ ಹತ್ತಿರದ ಎರಡು ಗುಂಡಿಗಳ ಮಧ್ಯೆ ಬಾಯಿ ಬಿಡುವುದು ನಮ್ಮೆಲ್ಲರ ಗೋಳು. ಆ ಜಾಗಕ್ಕೆ ಒಳಗಡೆ ಒಂದು ಟಿಚ್ ಬಟನ್ ಹೊಲಿಸಿ. ಐದು ನಿಮಿಷದ ಕೆಲಸ. ಸೂಟು ಹಾಕಿದರೇ ಅಧಿಕಾರ ಎಂಬ ಮಾತನ್ನು ಮಾತ್ರ ನಂಬಬೇಡಿ. ಮೈಗೆ ಹೊಂದದ ಸೂಟಿಗಿಂತ ಹೊಂದಿದ ಕುರ್ತಾ ಮೇಲು.

ಹಂತ 8: ಸದ್ದು ಕೇಳಿಸಿಕೊಳ್ಳಿ

ಉಡುಪಿನ ಬಗ್ಗೆ ಮಾತಾಡುವವರು ಸದ್ದಿನ ವಿಷಯ ಮರೆಯುತ್ತಾರೆ. ಗಾಜಿನ ಬಳೆ ಮೇಜಿಗೆ ತಾಗಿದರೆ ಟಣ್ ಅನ್ನುತ್ತದೆ. ಮಣಿ ಹಾಕಿದ ಕುಚ್ಚು ಕುರ್ಚಿಗೆ ಬಡಿಯುತ್ತದೆ. ಹಿಮ್ಮಡಿ ಸವೆದ ಚಪ್ಪಲಿ ಟಪಟಪ ಎನ್ನುತ್ತದೆ. ಸದ್ದು ಬಂದಾಗೆಲ್ಲ ಎದುರಿನವರ ಕಣ್ಣು ನಿಮ್ಮ ಮುಖ ಬಿಟ್ಟು ಅಲ್ಲಿಗೆ ಹೋಗುತ್ತದೆ. ಬಳೆ ತೆಗೆಯಲು ಮನಸ್ಸಿಲ್ಲದಿದ್ದರೆ ಪೆನ್ನು ಹಿಡಿಯುವ ಕೈಗೆ ಒಂದೇ ಬಳೆ ಅಥವಾ ಗಡಿಯಾರ, ಇನ್ನೊಂದು ಕೈಗೆ ನಿಮ್ಮಿಷ್ಟ. ಆಫೀಸು ಸೀರೆಗೆ ದಾರದ ಕುಚ್ಚು ಸಾಕು.

ಹಳ್ಳಿಗೆ ಹೋಗುವ ಕೆಲಸವಿದ್ದರೆ ಸುಲಭಕ್ಕೆ ಕಳಚುವ ಚಪ್ಪಲಿ ಇರಲಿ. ಮನೆ ಮನೆಯ ಹೊಸ್ತಿಲಲ್ಲಿ ಬಗ್ಗಿ ಬಕಲ್ ಬಿಚ್ಚುತ್ತಾ ನಿಂತ ಅಧಿಕಾರಿಯಾಗಿ ನಾನು ಸಾಕಷ್ಟು ಸಲ ಪೇಚಾಡಿದ್ದೇನೆ.

ಹೂವು? 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಬೆಂಗಳೂರಿನ ಇಸ್ರೊದಲ್ಲಿ ಸೀರೆ ಉಟ್ಟು, ಹೂ ಮುಡಿದ ಹೆಂಗಸರು ನಗುತ್ತಿದ್ದ ಫೋಟೋ ಲೋಕವೆಲ್ಲ ಸುತ್ತಿತು. ಅವರು ಆಡಳಿತ ವಿಭಾಗದವರು ಎಂದು ಆಮೇಲೆ ಇಸ್ರೊ ಹೇಳಿತು. ಆ ಯಾನದಲ್ಲಿ ಕೆಲಸ ಮಾಡಿದ ವಿಜ್ಞಾನಿ ಹೆಂಗಸರೂ ಹಲವರಿದ್ದರು ಎಂದೂ ಹೇಳಿತು. ಫೋಟೋ ನೋಡಿದವರಿಗೆ ಮಾತ್ರ ಹೂವು ಮುಡಿದವರನ್ನು ವಿಜ್ಞಾನಿಗಳು ಎಂದು ನಂಬಲು ಒಂದು ಕ್ಷಣವೂ ಬೇಕಾಗಲಿಲ್ಲ, ಅಲ್ವಾ? ಹಾಗಾಗಿ ಕುಂಕುಮ, ಹೂವು, ತಾಳಿ ಇವೆಲ್ಲ ಇಟ್ಟರೆ ಗತ್ತು ಹೋಗುತ್ತದೆ, ಇಡದಿದ್ದರೆ ಮರ್ಯಾದೆ ಹೋಗುತ್ತದೆ ಎನ್ನುವ ಎರಡೂ ಕಡೆಯವರ ಮಾತಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಉದ್ದನೆಯ ಮಾಲೆ ಭುಜಕ್ಕೆ ಇಳಿದು ಕೈ ಅಲ್ಲಿಗೆ ಹೋಗುತ್ತಿದ್ದರೆ ಗಿಡ್ಡ ಮಾಡಿ, ಅಷ್ಟೇ. ಕೂದಲಿಗೂ ಇದೇ ನಿಯಮ. ಜಡೆ, ತುರುಬು, ಗಿಡ್ಡ ಕೂದಲು ಯಾವುದಾದರೂ ಸರಿ, ಹಣೆಯ ಮೇಲೆ ಬೀಳದಿರಲಿ.

ಹಂತ 9: ವಿಡಿಯೊ ಮೀಟಿಂಗು

ಸಣ್ಣ ಸಣ್ಣ ಗೆರೆ, ಒತ್ತು ಚೌಕಳಿ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕುಣಿಯುತ್ತದೆ. ಒಂದೇ ಬಣ್ಣ ಉಡಿ. ಹಿಂದಿನ ಗೋಡೆಯ ಬಣ್ಣ ಬೇಡ, ತಲೆಯೊಂದೇ ತೇಲುತ್ತದೆ. ತಾಳಿ, ಐಡಿ ಕಾರ್ಡು ಹೆಡ್‌ಫೋನ್ ಮೈಕಿಗೆ ತಾಗದಂತೆ ನೋಡಿಕೊಳ್ಳಿ.

ಹಂತ 10: ವೇದಿಕೆ

ಇದಕ್ಕೆ ಬೇರೆಯೇ ತಯಾರಿ ಬೇಕು, ಯಾಕೆಂದರೆ ನಮ್ಮಲ್ಲಿ ಅಧಿಕಾರಿಯನ್ನು ವೇದಿಕೆಗೆ ಕರೆದರೆ ಸುಮ್ನೆ ಬಿಡುವುದಿಲ್ಲ. ಶಾಲು ಹೊದಿಸುತ್ತಾರೆ. ಹಾರ ಹಾಕುತ್ತಾರೆ. ಮೈಸೂರು ಪೇಟ ಇಡುತ್ತಾರೆ. ಕೊನೆಗೆ ಹಣ್ಣಿನ ಬುಟ್ಟಿಯನ್ನು ಎರಡೂ ಕೈಗೆ ಕೊಟ್ಟು ಫೋಟೋಗೆ ನಿಲ್ಲಿಸುತ್ತಾರೆ. ಆ ಹೊತ್ತಿಗೆ ಸೆರಗು ಜಾರಿದರೆ ಹಿಡಿಯಲು ಮೂರನೇ ಕೈ ಬೇಕು.

ಹಾಗಾಗಿ ಅವತ್ತು ಪಿನ್ ಒಂದು ಜಾಸ್ತಿ. ಸುಗಂಧರಾಜ ಹಾರದ ಒದ್ದೆ ನೀರು ರೇಷ್ಮೆಯಲ್ಲಿ ಕಲೆ ಬಿಡುತ್ತದೆ, ಗಾಢ ಬಣ್ಣ ಉಡಿ. ಎತ್ತರದ ತುರುಬು ಹಾಕಬೇಡಿ, ಪೇಟ ಕೂರುವುದಿಲ್ಲ. ಕಿವಿಗೆ ಕೊಕ್ಕೆಯ ಜುಮುಕಿ ಬೇಡ, ಶಾಲಿನ ಎಳೆಗೆ ಸಿಕ್ಕಿಕೊಳ್ಳುತ್ತದೆ. ನನ್ನದು ಒಮ್ಮೆ ಸಿಕ್ಕಿಕೊಂಡು, ಸನ್ಮಾನ ಮಾಡುತ್ತಿದ್ದವರೇ ಬಿಡಿಸಬೇಕಾಯಿತು. ವೇದಿಕೆಯ ಸೋಫಾ ತಗ್ಗಿನಲ್ಲಿರುತ್ತದೆ, ಜನ ಇನ್ನೂ ಕೆಳಗೆ ಕೂತಿರುತ್ತಾರೆ. ಕೂತ ತಕ್ಷಣ ಸೀರೆ ಮೇಲೆ ಸರಿಯುತ್ತದೆ. ಸೀರೆಯನ್ನು ಅರ್ಧ ಇಂಚು ಕೆಳಗೆ ಉಟ್ಟು, ಕೂರುವಾಗ ಪಾದ ಜೋಡಿಸಿ ಒಂದು ಪಕ್ಕಕ್ಕೆ ಇಡಿ. ಕಾಲರ್ ಮೈಕ್ ಕೊಡುತ್ತಾರೆ ಎಂದು ಗೊತ್ತಿದ್ದರೆ ಎದೆಯ ಪಕ್ಕದ ಪಿನ್ನಿನ ಹತ್ತಿರ ಸಿಕ್ಕಿಸಿ. ಮೈಕಿನ ಡಬ್ಬಿಗೆ ಲಂಗದ ಜೇಬು ಇದ್ದೇ ಇದೆ.

ಆಫೀಸಿನ ಡ್ರಾಯರ್

ಮೂರು ಸೈಜಿನ ಸೇಫ್ಟಿ ಪಿನ್. ಕಪ್ಪು, ಬಿಳಿ ದಾರ ಪೋಣಿಸಿಟ್ಟ ಎರಡು ಸೂಜಿ. ಹುಕ್ಕು. ಎರಡು ಪ್ಯಾಡ್. ಒಂದು ಕಪ್ಪು ಶಾಲು, ಕಲೆಯಾದರೆ ಮುಚ್ಚಲು. ಮಳೆಗಾಲದಲ್ಲಿ ಒಣ ಚಪ್ಪಲಿ. ಈ ಡ್ರಾಯರ್ ಎಲ್ಲಿದೆ ಅಂತ ಶಾಖೆಯ ಬೇರೆ ಹೆಂಗಸರಿಗೂ ಹೇಳಿಬಿಡಿ. ನನ್ನ ಡ್ರಾಯರಿನ ಪಿನ್ನು ಹೆಚ್ಚು ಖಾಲಿ ಮಾಡಿದವರು ಆಡಿಟ್‌ಗೆ ಬಂದ ಮೇಡಂಗಳು.

"ಏನ್ ಮೇಡಂ, ಇವತ್ತು ವಿಶೇಷ?"

ಇಷ್ಟೆಲ್ಲ ಮಾಡಿ ಚೆನ್ನಾಗಿ ಉಟ್ಟು ಹೋದ ದಿನ ಯಾರಾದರೂ ಹೀಗೆ ಕೇಳೇ ಕೇಳುತ್ತಾರೆ. ಕೆಲವರು ಪ್ರೀತಿಯಿಂದ, ಕೆಲವರು ಬೇರೆ ಧಾಟಿಯಲ್ಲಿ. ಮೊದಲೆಲ್ಲ ನಾನು ಕಾರಣ ಹೇಳುತ್ತಿದ್ದೆ. ತಂಗಿ ಕೊಡಿಸಿದ್ದು, ಹಳೇದು, ಸುಮ್ನೆ ಉಟ್ಟೆ ಅಂತೆಲ್ಲ. ಹೇಳುತ್ತಾ ಹೇಳುತ್ತಾ ಕೈ ಸೆರಗಿಗೆ ಹೋಗುತ್ತಿತ್ತು.

ಈಗ ಎರಡೂ ಕೈ ಮೇಜಿನ ಮೇಲೇ ಇರುತ್ತವೆ. "ವಿಶೇಷ ಇದೆ. ನಿಮ್ಮ ಎರಡು ಕಂತು ಬಾಕಿ ಇದೆ, ಕೂತ್ಕೊಳಿ" ಎನ್ನುತ್ತೇನೆ.